ಬೆಂಚಿನ ಮೇಲಿದ್ದವರನ್ನು ಬಿಟ್ಟುಕೊಟ್ಟದ್ದು ಸರಿಯೇ?

ಕರುಣ್ ನಾಯರ್ ಅವರನ್ನು 2023ರಲ್ಲಿ ವಿದರ್ಭಕ್ಕೆ ಹೋಗಗೊಟ್ಟದ್ದು ಜಾಣತನವೇ, ದಡ್ಡತನವೇ ಎಂಬ ಚರ್ಚೆ ಮೈಸೂರಿನಲ್ಲಿ ಇನ್ನೂ ಮುಗಿದಿಲ್ಲ. ಎರಡು ಋತುಗಳ ನಂತರ, 2025ರಲ್ಲಿ, ಅವರು ಕರ್ನಾಟಕ ತಂಡಕ್ಕೆ ಮರಳಿದಾಗ ಅದು ತಣ್ಣಗಾಗಬೇಕಿತ್ತು, ಬದಲಿಗೆ ಕಾವೇರಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವ ನನ್ನ ಪರಿಚಿತರಲ್ಲಿ ಇದರಿಂದಾಗಿ ಎರಡು ಬಣಗಳೇ ಆಗಿವೆ. ಒಂದು ಬಣದವರ ಬಳಿ ಇರುವುದು ಒಂದೇ ಗಾದೆ: ಹಿತ್ತಲ ಗಿಡ ಮದ್ದಲ್ಲ. ಇನ್ನೊಂದು ಬಣದವರು, ಆಡಿಸಲು ಜಾಗವಿಲ್ಲದ ಮೇಲೆ ಹಿಡಿದಿಟ್ಟುಕೊಂಡು ಮಾಡುವುದೇನು ಎಂದು ಕೇಳುತ್ತಾರೆ.

ಬೆಂಗಳೂರಿನವರಿಗಿಂತ ಮೈಸೂರಿನವರಿಗೆ ಈ ವಿಷಯ ಹೆಚ್ಚು ಚುಚ್ಚುವುದಕ್ಕೆ ಕಾರಣವಿದೆ. ರಾಜ್ಯದ ಮಹಾರಾಜ ಟ್ರೋಫಿ ಟಿ20ಯಲ್ಲಿ ಮೈಸೂರು ವಾರಿಯರ್ಸ್‌ನ ನಾಯಕತ್ವ ವಹಿಸಿದ್ದವರು ಇದೇ ಕರುಣ್. 2023ರಲ್ಲಿ ತಂಡ ಫೈನಲ್‌ನಲ್ಲಿ ಹುಬ್ಬಳ್ಳಿಗೆ ಸೋತಿತು. 2024ರಲ್ಲಿ ಬೆಂಗಳೂರನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ಗೆಲುವಿನ ವೇಳೆಗೆ ನಾಯಕರು ರಣಜಿಯಲ್ಲಿ ವಿದರ್ಭದ ಆಟಗಾರರಾಗಿದ್ದರು! ಮೈಸೂರಿಗೆ ಕಪ್ಪು ತಂದುಕೊಟ್ಟವರು ಕರ್ನಾಟಕಕ್ಕೆ ಬೇಡವಾಗಿದ್ದರು ಎಂಬುದನ್ನು ಅರಗಿಸಿಕೊಳ್ಳುವುದು ಯಾವ ಅಭಿಮಾನಿಗೂ ಕಷ್ಟವೇ.

ಕರುಣ್ ಸಾಮಾನ್ಯ ಆಟಗಾರರಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಅವರು ಹೊಡೆದದ್ದು 328 ರನ್. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಗಳಿಸಿ, ಸೆಹ್ವಾಗ್ ನಂತರ ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯರೆನಿಸಿದರು. ಅದರ ಬೆನ್ನಿಗೆ ದೊರೆತದ್ದು ಮೂರೇ ಟೆಸ್ಟ್. 2018ರ ಇಂಗ್ಲೆಂಡ್ ಪ್ರವಾಸದುದ್ದಕ್ಕೂ ಮೀಸಲು ಆಟಗಾರರಾಗಿ ಕುಳಿತರು. ಕೊನೆಗೆ ಓವಲ್‌ನಲ್ಲಿ ಜಾಗವೊಂದು ತೆರವಾದಾಗ, ಸರಣಿಯ ನಡುವೆ ತಂಡ ಸೇರಿದ ಹನುಮ ವಿಹಾರಿಗೆ ಅದು ದಕ್ಕಿತು. 2022-23ರ ಋತುವಿಗೆ ಬಂದಾಗ ರಾಜ್ಯ ತಂಡದಲ್ಲೂ ಅವರಿಗೆ ಜಾಗ ಇರಲಿಲ್ಲ. ತನಗೆ ಇನ್ನೊಂದು ಅವಕಾಶ ಕೊಡು ಎಂದು ಅವರು ಕ್ರಿಕೆಟ್ಟನ್ನೇ ಉದ್ದೇಶಿಸಿ ಸಾಮಾಜಿಕ ಜಾಲತಾಣದಲ್ಲಿ ಬೇಡಿಕೊಂಡದ್ದು ಆ ಡಿಸೆಂಬರ್‌ನಲ್ಲಿ.

ಮುಂದಿನದು ಎಲ್ಲರಿಗೂ ತಿಳಿದದ್ದೇ. ರಾಜ್ಯ ಕ್ರಿಕೆಟ್ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಅವರು ವಿದರ್ಭ ಸೇರಿದರು. 2024ರ ಫೆಬ್ರುವರಿಯಲ್ಲಿ ನಾಗಪುರದಲ್ಲಿ ನಡೆದ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದದ್ದು, ಬೇರಾರೂ ಅಲ್ಲ, ಕರ್ನಾಟಕ. ವಿದರ್ಭದ ಮೊದಲ ಇನಿಂಗ್ಸ್‌ನ 460ರಲ್ಲಿ ಕರುಣ್ ಅವರ ಪಾಲು 90. ಗೆಲುವಿಗೆ 371 ಬೇಕಿದ್ದ ನಮ್ಮವರು 243ಕ್ಕೆ ಆಲೌಟಾಗಿ 127 ರನ್‌ಗಳಿಂದ ಸೋತರು. ಮರುವರ್ಷದ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, 779 ರನ್, ಸರಾಸರಿ 389.50. ಅದೇ ಋತುವಿನ ರಣಜಿಯಲ್ಲಿ 863 ರನ್; ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ವಿದರ್ಭ ಮೂರನೆಯ ಬಾರಿ ಚಾಂಪಿಯನ್ ಆಯಿತು. 2014-15ರಲ್ಲಿ ರಣಜಿ ಗೆದ್ದ ಕರ್ನಾಟಕಕ್ಕೆ ಮುಂದಿನ ಹತ್ತು ವರ್ಷಗಳಲ್ಲಿ ಆ ಭಾಗ್ಯ ಮತ್ತೆ ಒದಗಲಿಲ್ಲ.

ಇಷ್ಟನ್ನು ಹೇಳಿ ಮೊದಲ ಬಣದವರು ಗೆದ್ದವರಂತೆ ನಗುತ್ತಾರೆ. ಆದರೆ ಅಂಕಿ ಅಂಶಗಳನ್ನು ಅರ್ಧಕ್ಕೇ ನಿಲ್ಲಿಸುವುದು ನ್ಯಾಯವಲ್ಲ. ಅದೇ ವಿಜಯ್ ಹಜಾರೆ ಟ್ರೋಫಿಯ ಫೈನಲ್ 2025ರ ಜನವರಿಯಲ್ಲಿ ವಡೋದರಾದಲ್ಲಿ ನಡೆದಾಗ ವಿದರ್ಭವನ್ನು 36 ರನ್‌ಗಳಿಂದ ಮಣಿಸಿದ್ದು ಕರ್ನಾಟಕವೇ. ಅಲ್ಲಿಯ ತನಕ ಒಮ್ಮೆ ಮಾತ್ರ ಔಟಾಗಿದ್ದ ಕರುಣ್, ಪ್ರಸಿದ್ಧ ಕೃಷ್ಣ ಎಸೆತದಲ್ಲಿ 27ಕ್ಕೇ ಬೌಲ್ಡ್ ಆದರು. ಆ ಪಂದ್ಯದಲ್ಲಿ ಕರ್ನಾಟಕದ ಪರ ಶತಕ ಹೊಡೆದವರು ಎಡಗೈ ಬ್ಯಾಟ್ಸ್‌ಮನ್ ಆರ್. ಸ್ಮರಣ್. ಅದೇ ತಿಂಗಳು ರಣಜಿಯಲ್ಲಿ ಪಂಜಾಬ್ ವಿರುದ್ಧ ದ್ವಿಶತಕವನ್ನೂ ಗಳಿಸಿದರು. ಮಧ್ಯಮ ಕ್ರಮಾಂಕದ ಒಂದು ಜಾಗ ತೆರವಾಗಿರದಿದ್ದರೆ ಇಪ್ಪತ್ತೊಂದರ ಈ ಹುಡುಗನಿಗೆ ಆ ಋತುವಿನಲ್ಲಿ ಅಷ್ಟು ಪಂದ್ಯಗಳು ಸಿಗುತ್ತಿದ್ದವೇ? ನನಗಂತೂ ಅನುಮಾನ. ಎರಡನೆಯ ಬಣದವರ ವಾದದಲ್ಲಿ ಸತ್ಯವಿರುವುದು ಇಲ್ಲಿ.

ಐಪಿಎಲ್ ನೋಡಿ ಬೆಳೆದ ಹೊಸ ತಲೆಮಾರಿನ ಅಭಿಮಾನಿಗಳು ಇದನ್ನೂ ‘ಟ್ರೇಡ್’ ಎಂದೇ ಕರೆಯುತ್ತಾರೆ. ಅದು ತಪ್ಪು ಹೋಲಿಕೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ 2018ರ ಋತುವಿನ ನಂತರ ಕ್ವಿಂಟನ್ ಡಿ ಕಾಕ್ ಅವರನ್ನು ಮುಂಬೈಗೆ ಬಿಟ್ಟುಕೊಟ್ಟಾಗ, ಕೊಂಡಿದ್ದ 2.8 ಕೋಟಿ ರೂಪಾಯಿಯಾದರೂ ಕೈಗೆ ಮರಳಿತು. ಡಿ ಕಾಕ್ 2019ರಲ್ಲಿ 529 ರನ್ ಗಳಿಸಿದರು, ಮುಂಬೈ ಆ ವರ್ಷವೂ ಮರುವರ್ಷವೂ ಪ್ರಶಸ್ತಿ ಗೆದ್ದಿತು ಎಂಬುದು ಬೇರೆ ಮಾತು. ಆ ನೋವಿನ ಬಗ್ಗೆ ಬರೆಯಹೊರಟರೆ ಈ ಪುಟ ಸಾಲದು. ರಣಜಿಯಲ್ಲಿ ಹಾಗಲ್ಲ. ಇಲ್ಲಿ ರಾಜ್ಯವೊಂದು ಆಟಗಾರನನ್ನು ಬಿಟ್ಟುಕೊಟ್ಟರೆ ಪ್ರತಿಯಾಗಿ ಹಣವೂ ಇಲ್ಲ, ಇನ್ನೊಬ್ಬ ಆಟಗಾರನೂ ಇಲ್ಲ. ಹದಿನಾಲ್ಕು ವರ್ಷದೊಳಗಿನವರ ತಂಡದಿಂದ ಹಿಡಿದು ಹಂತಹಂತವಾಗಿ ತಿದ್ದಿ ಬೆಳೆಸಿದ್ದನ್ನು ಒಂದು ಕಾಗದಕ್ಕೆ ಸಹಿ ಹಾಕಿ ಕಳಿಸಿದಂತೆ. ಇದನ್ನು ವ್ಯಾಪಾರದ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ.

ಹಾಗೆಂದು ಕಾಗದಕ್ಕೆ ಸಹಿ ಹಾಕಲೇಬಾರದೆ? ಹಾಕಬೇಕು ಎಂದೇ ನನ್ನ ಖಚಿತ ಅಭಿಪ್ರಾಯ. ಮೂವತ್ತೊಂದರ ಹರೆಯದ ಬ್ಯಾಟ್ಸ್‌ಮನ್‌ಗೆ ಉಳಿದಿರುವ ಋತುಗಳನ್ನು ಬೆರಳಲ್ಲಿ ಎಣಿಸಬಹುದು. ಯಾರಿಗಾದರೂ ಗಾಯವಾದೀತು, ಆಗ ಒದಗಿಯಾನು ಎಂದು ಅವರನ್ನು ಕಾಯಿಸುವುದು ಕ್ರೌರ್ಯ. ಕಾಯುವುದರ ಬೆಲೆಯನ್ನು ಮೈಸೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರೂ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಆಡಲು 1994ರ ನವೆಂಬರ್ ತನಕ, ಅಂದರೆ ಕಪಿಲ್ ದೇವ್ ನಿವೃತ್ತರಾಗುವ ತನಕ, ಕಾಯಬೇಕಾಯಿತು. ಅಷ್ಟು ಕಾಲ ಪೆವಿಲಿಯನ್‌ನಲ್ಲಿ ಕುಳಿತವರು ಮುಂಬೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡಿದ ಆ ಪಂದ್ಯದಲ್ಲೇ ಪಂದ್ಯಶ್ರೇಷ್ಠರಾದರು. ಒಟ್ಟು 236 ಟೆಸ್ಟ್ ವಿಕೆಟ್ ಪಡೆದವರ ಖಾತೆಯಲ್ಲಿ ಆ ಮೂರು ವರ್ಷಗಳು ಇನ್ನೆಷ್ಟನ್ನು ಸೇರಿಸುತ್ತಿದ್ದವೋ! ದೇಶದ ತಂಡವಾದರೆ ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ರಾಜ್ಯ ತಂಡದ ವಿಷಯದಲ್ಲಿ ದಾರಿಯಿದೆ, ಅದನ್ನು ಮುಚ್ಚಬಾರದು.

ಆದ್ದರಿಂದ ನನ್ನ ಆಕ್ಷೇಪ ಬಿಟ್ಟುಕೊಟ್ಟದ್ದಕ್ಕಲ್ಲ, ಅದಕ್ಕೆ ಹಿಂದಿನ ವರ್ಷ ಕೈಬಿಟ್ಟದ್ದಕ್ಕೆ. ಒಬ್ಬ ಆಟಗಾರ ಲಯ ಕಳೆದುಕೊಂಡರೆ ಹನ್ನೊಂದರಿಂದ ಹೊರಗಿಡಬಹುದು. ಆದರೆ ತ್ರಿಶತಕದ ಅನುಭವವಿರುವವರನ್ನು ತಂಡದ ಆಸುಪಾಸಿನಲ್ಲೂ ಇಟ್ಟುಕೊಳ್ಳದೆ ಇಡೀ ಋತುವನ್ನು ಕಳೆದದ್ದು ಏಕೆ? ವಯಸ್ಸೇ ಕಾರಣವೆನ್ನೋಣವೆಂದರೆ ಅವರಿಗಿಂತ ಹಿರಿಯರಾದ ಮನೀಷ್ ಪಾಂಡೆ ತಂಡದಲ್ಲಿದ್ದರು, ಇದ್ದದ್ದು ಸರಿಯೂ ಆಗಿತ್ತು. ರಾಜ್ಯ ಆಯ್ಕೆ ಸಮಿತಿಗಳು ಹೆಸರುಗಳ ಪಟ್ಟಿ ಕೊಡುತ್ತವೆಯೇ ಹೊರತು ಬಿಟ್ಟುಹೋದ ಹೆಸರುಗಳಿಗೆ ಕಾರಣ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ. ಕಾರಣ ಗೊತ್ತಿಲ್ಲದ ಕಡೆ ವದಂತಿ ಹುಟ್ಟುತ್ತದೆ. ವದಂತಿ ಹುಟ್ಟಿದ ಕಡೆ ಆಟಗಾರನಿಗೆ ಮನಸ್ಸು ನಿಲ್ಲುವುದಿಲ್ಲ.

ಕರುಣ್ ಅವರದು ಒಂಟಿ ಪ್ರಕರಣವೂ ಅಲ್ಲ. ರಾಬಿನ್ ಉತ್ತಪ್ಪ 2017ರಲ್ಲಿ ಸೌರಾಷ್ಟ್ರಕ್ಕೆ ಹೋದರು, ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ. ಶ್ರೇಯಸ್ ಗೋಪಾಲ್ 2023ರಲ್ಲಿ ಕೇರಳ ಸೇರಿ ಮರುವರ್ಷ ವಾಪಸಾದರು. ಮೈಸೂರಿನಲ್ಲೇ ಹುಟ್ಟಿದ ಇಬ್ಬರು, ಎಡಗೈ ಸ್ಪಿನ್ನರ್ ಜೆ. ಸುಚಿತ್ ಮತ್ತು ಆರಂಭಿಕ ಬ್ಯಾಟ್ಸ್‌ಮನ್ ಆರ್. ಸಮರ್ಥ್, ಕ್ರಮವಾಗಿ ನಾಗಾಲ್ಯಾಂಡ್ ಮತ್ತು ಉತ್ತರಾಖಂಡದ ದಾರಿ ಹಿಡಿದರು. ಹೊರರಾಜ್ಯದವರು ನಮ್ಮವರನ್ನು ಬಯಸಿ ಕರೆಯುತ್ತಾರೆಂದರೆ ನಮ್ಮಲ್ಲಿ ಆಟಗಾರರ ಬೆಳೆ ಚೆನ್ನಾಗಿದೆ ಎಂದೇ ಅರ್ಥ. ಆದರೆ ಕಣಜ ತುಂಬಿದೆ ಎಂದು ಕಾಳು ಚೆಲ್ಲುವವರು ಎಲ್ಲಿದ್ದಾರೆ? ಹೊರಟವರೊಡನೆ ಆಯ್ಕೆಗಾರರು ಎದುರು ಕುಳಿತು ಮಾತನಾಡಲಿ, ಎಲ್ಲಿ ಕೊರತೆಯಿದೆ ಎಂದು ನೇರವಾಗಿ ಹೇಳಲಿ, ಮರಳಿ ಬರಬೇಕಾದರೆ ಏನು ಮಾಡಿ ತೋರಿಸಬೇಕೆಂದೂ ತಿಳಿಸಲಿ. ಇದಕ್ಕೆ ಹೊಸ ನಿಯಮ ಬೇಕಿಲ್ಲ, ಖರ್ಚೂ ಇಲ್ಲ.

ಮರಳಿ ಬಂದ ಕರುಣ್ 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174 ಹೊಡೆದರು. ಮುಂದಿನ ಪಂದ್ಯದಲ್ಲಿ ತಿರುವನಂತಪುರದಲ್ಲಿ ಕೇರಳದ ವಿರುದ್ಧ 233. ಆ ಇನಿಂಗ್ಸ್‌ನಲ್ಲೇ ಸ್ಮರಣ್ ಅಜೇಯ 220 ಗಳಿಸಿದರು. ಒಬ್ಬರಿದ್ದರೆ ಇನ್ನೊಬ್ಬರಿಗೆ ಜಾಗವಿಲ್ಲ ಎಂದು ನಾವು ವರ್ಷಗಟ್ಟಲೆ ವಾದಿಸಿದ್ದ ಇಬ್ಬರೂ ಒಂದೇ ಅಂಕಣದಲ್ಲಿ ನಿಂತು ಎರಡು ದ್ವಿಶತಕ ಬಾರಿಸಿದರು, ಕರ್ನಾಟಕ ಇನಿಂಗ್ಸ್ ಅಂತರದಲ್ಲಿ ಗೆದ್ದಿತು. ಇದನ್ನು ಕೇಳಿದ ಎರಡನೆಯ ಬಣದ ಹಿರಿಯರೊಬ್ಬರು, ‘ಹೊರಗೆ ಹೋಗಿ ಬಂದದ್ದಕ್ಕೇ ಹೀಗೆ ಆಡುತ್ತಿದ್ದಾನೆ ಸ್ವಾಮಿ, ಇಲ್ಲೇ ಇದ್ದಿದ್ದರೆ ತುಕ್ಕು ಹಿಡಿಯುತ್ತಿದ್ದ’ ಎಂದರು. ಮೊದಲ ಬಣದವರು ಒಪ್ಪಿಲ್ಲ.