ಮಾತ್ರೆಯೋ, ಚುಚ್ಚುಮದ್ದೋ?
ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭನಿರೋಧಕಗಳು ಉಚಿತವಾಗಿ ಸಿಗುತ್ತವೆ. ಯಾವುದು ಯಾರಿಗೆ ಒಗ್ಗುತ್ತದೆ ಎಂದು ಬಿಡಿಸಿ ಹೇಳುವ ವ್ಯವಧಾನವೂ ಅಲ್ಲಿ ಸಿಗಬೇಕು. ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆಗಳು: 21ರಲ್ಲಿ ಹಾರ್ಮೋನು, ಉಳಿದ 7ರಲ್ಲಿ ಕಬ್ಬಿಣಾಂಶ. ದಿನಕ್ಕೊಂದರಂತೆ ತಪ್ಪದೆ ನುಂಗಬೇಕು. ಎದೆಹಾಲುಣಿಸುವ ತಾಯಿಗೆ ಮೊದಲ 6 ತಿಂಗಳು ಇದು ಸಲ್ಲದು. ರಕ್ತದೊತ್ತಡ ಹೆಚ್ಚಿರುವವರಿಗೂ ಬೇಡ. ‘ಅಂತರಾ’ ಚುಚ್ಚುಮದ್ದು 3 ತಿಂಗಳಿಗೊಮ್ಮೆ; ಹೆರಿಗೆಯಾಗಿ 6 ವಾರ ಕಳೆದ ಬಾಣಂತಿಯೂ ಹಾಕಿಸಿಕೊಳ್ಳಬಹುದು. ಆದರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ಗಾಬರಿಗೊಂಡ ಹೆಂಗಸು ಎರಡನೇ ಡೋಸಿಗೆ ಬರುವುದಾದರೂ ಹೇಗೆ? ಚುಚ್ಚುಮದ್ದು ಬಿಟ್ಟ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಬೇಗ ಇನ್ನೊಂದು ಮಗು ಬೇಕೆನ್ನುವವರು ಆ ವಿಷಯವನ್ನು ವೈದ್ಯರ ಬಳಿ ಮೊದಲೇ ಪ್ರಸ್ತಾಪಿಸಬೇಕು.