ಚಿತ್ರಕಥೆಗೆ ಭರತಮುನಿಯ ಹಂಗು ಬೇಕೆ?

ಶಿವಮೊಗ್ಗ, ಭದ್ರಾವತಿಯ ಹುಡುಗರು ಈಗ ಫೋನಿನಲ್ಲೇ ಕಿರುಚಿತ್ರ ತೆಗೆಯುತ್ತಾರೆ. ಕ್ಯಾಮೆರಾ ಕೈಗೆ ಬಂದಿದೆ, ಕಥೆ ಕಟ್ಟುವ ಕಸುಬು ಬಂದಿಲ್ಲ ಎಂಬುದು ಅವರದೇ ದೂರು. ಅದಕ್ಕೆಂದು ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಬರೆದ ಪುಸ್ತಕದ ಮೂರು ಅಂಕದ ಲೆಕ್ಕವನ್ನು ಯೂಟ್ಯೂಬಿನಲ್ಲಿ ಕೇಳಿ ಕಲಿಯುತ್ತಾರೆ. ಭರತನ ನಾಟ್ಯಶಾಸ್ತ್ರ ನಮ್ಮಲ್ಲೇ ಇದೆ, ಆದ್ಯ ರಂಗಾಚಾರ್ಯರು ಅದನ್ನು ಕನ್ನಡಕ್ಕೂ ತಂದಿದ್ದಾರೆ. ಅದನ್ನೇ ಹಿಡಿದರೆ ಆಗದೆ? ಶಿವಮೊಗ್ಗದ ನಾಟಕದ ಮೇಷ್ಟ್ರೊಬ್ಬರು ಆಗುತ್ತದೆ ಎನ್ನುತ್ತಾರೆ. ಭದ್ರಾವತಿಯ ಚಿತ್ರಕಥೆಗಾರರೊಬ್ಬರು ಬೇಡವೇ ಬೇಡ ಎನ್ನುತ್ತಾರೆ.

ಪರ

ಥಿಯೇಟರಿನಿಂದ ಹೊರಬರುವವರನ್ನು ಕೇಳಿ ನೋಡಿ. ‘ಫಸ್ಟ್ ಹಾಫ್ ಪರವಾಗಿಲ್ಲ, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ’ ಎನ್ನುತ್ತಾರೆ. ಈ ಕಾಯಿಲೆಗೆ ಹಾಲಿವುಡ್ಡಿನ ಮೂರು ಅಂಕದಲ್ಲಿ ಮದ್ದಿಲ್ಲ. ಅಲ್ಲಿ ಇಂಟರ್ವಲ್ಲೇ ಇಲ್ಲವಲ್ಲ! ಭರತ ಕಥೆಯನ್ನು ಐದು ಸಂಧಿಗಳಲ್ಲಿ ಕಟ್ಟುತ್ತಾನೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ನಟ್ಟನಡುವೆ ಇರುವ ಗರ್ಭಸಂಧಿಯಲ್ಲಿ, ಮೊದಲು ಬಿತ್ತಿದ ಬೀಜ ಕೈಗೆ ಸಿಕ್ಕಂತಾಗಿ ಜಾರಿಹೋಗುತ್ತದೆ, ಮತ್ತೆ ಹುಡುಕಬೇಕಾಗುತ್ತದೆ. ನಮ್ಮ ಇಂಟರ್ವಲ್ ಬೀಳುವುದು ಇಲ್ಲೇ. ಆಮೇಲೆ ಬರುವ ವಿಮರ್ಶದಲ್ಲಿ ಸಿಟ್ಟಿನಿಂದಲೋ ಸಂಕಟದಿಂದಲೋ ಆಸೆಗೆ ಬಿದ್ದೋ ಬಂದ ಫಲಕ್ಕೆ ಅಡ್ಡಿಯಾಗುತ್ತದೆ. ಎಳೆದಾಡುವ ಚಿತ್ರಗಳಲ್ಲಿ ಬಹುಪಾಲು ಈ ವಿಮರ್ಶವೇ ಇರುವುದಿಲ್ಲ. ಅದರ ಜಾಗದಲ್ಲಿ ಎರಡು ಫೈಟು, ಒಂದು ಹಾಡು, ಕೊನೆಗೆ ವಿಲನ್ ಶರಣಾಗತಿ.

ಕಾಮಿಡಿ ಟ್ರ್ಯಾಕಿನ ಕಥೆಯೂ ಇಷ್ಟೇ. ಮುಖ್ಯ ಕಥೆಯ ಜೊತೆ ದೂರದವರೆಗೆ ಹರಿಯುವ ಉಪಕಥೆ ಪತಾಕೆ, ಸ್ವಲ್ಪ ಹೊತ್ತು ಬಂದು ಹೋಗುವುದು ಪ್ರಕರಿ. ಎರಡೂ ನಾಯಕನ ಕೆಲಸಕ್ಕೆ ಹೆಗಲು ಕೊಡಬೇಕು. ರಾಮನಿಗೆ ಸುಗ್ರೀವ ಹಾಗೆ. ನಮ್ಮ ಕಾಮಿಡಿ ಟ್ರ್ಯಾಕು ಯಾರಿಗೂ ಹೆಗಲು ಕೊಡುವುದಿಲ್ಲ. ಕಿತ್ತುಹಾಕಿದರೂ ಸಿನಿಮಾಕ್ಕೆ ಗೊತ್ತಾಗುವುದಿಲ್ಲ.

ಹುಡುಗರಿಗೆ ನಾನು ಮೊದಲು ತೋರಿಸುವುದು ಶಾಕುಂತಲದ ನಾಲ್ಕನೇ ಅಂಕದ ಶುರುವಿನಲ್ಲಿ ಬರುವ ಸಣ್ಣ ಕೊಂಡಿ ದೃಶ್ಯ, ವಿಷ್ಕಂಭಕ. ಇಡೀ ನಾಟಕದ ದೊಡ್ಡ ಪೆಟ್ಟು ದುರ್ವಾಸರ ಶಾಪ. ಕಾಳಿದಾಸ ಅದನ್ನು ರಂಗದ ಮೇಲೆ ತರುವುದೇ ಇಲ್ಲ. ಇಬ್ಬರು ಗೆಳತಿಯರು ಹೂ ಬಿಡಿಸುತ್ತಿದ್ದಾರೆ, ನೇಪಥ್ಯದಿಂದ ಋಷಿಯ ದನಿ ಕೇಳುತ್ತದೆ. ಅದನ್ನು ಗೆಳತಿಯರು ಕೇಳಿಸಿಕೊಂಡರು, ನಾವು ಕೇಳಿಸಿಕೊಂಡೆವು, ಶಕುಂತಲೆ ಮಾತ್ರ ಕೇಳಿಸಿಕೊಳ್ಳಲಿಲ್ಲ. ಮುಂದಿನ ಅಂಕದಲ್ಲಿ ಅವಳು ರಾಜಸಭೆಗೆ ನಡೆದು ಹೋಗುವಾಗ ನಮ್ಮ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿರಬೇಕು ಎಂದು ಹಿಚ್‌ಕಾಕ್ ಹೇಳಿದರೆ ತಲೆದೂಗುತ್ತೇವೆ. ಏನನ್ನು ತೋರಿಸಬೇಕು, ಏನನ್ನು ಕೇಳಿಸಿ ಬಿಡಬೇಕು ಎಂಬುದಕ್ಕೆ ನಾಟ್ಯಶಾಸ್ತ್ರದ ಪರಂಪರೆಯಲ್ಲಿ ಐದು ಬಗೆಯ ಉಪಾಯಗಳಿವೆ. ಚಿತ್ರಕಥೆ ಬರೆಯುವವನಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದು?

ಇದೆಲ್ಲ ರಾಜರ ಕಥೆಗೆ ಎಂದು ಆಕ್ಷೇಪ ಬರುತ್ತದೆ. ಭರತ ಹೇಳಿದ ಹತ್ತು ರೂಪಕಗಳಲ್ಲಿ ರಾಜರಲ್ಲದವರ ಕಥೆ ಹೇಳುವ ಪ್ರಕರಣವೂ ಒಂದು. ಶೂದ್ರಕನ ‘ಮೃಚ್ಛಕಟಿಕ’ ಅಂಥದ್ದು. ದಿವಾಳಿಯೆದ್ದ ವರ್ತಕ, ಗಣಿಕೆ, ಕಳ್ಳ, ಜೂಜುಕೋರ ಎಲ್ಲರೂ ಅದರಲ್ಲಿದ್ದಾರೆ. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಮಾಡಿದ್ದು ಅದರಿಂದಲೇ.

ನಮ್ಮ ಜಿಲ್ಲೆಯ ಚಿತ್ರವನ್ನೇ ತೆಗೆದುಕೊಳ್ಳಿ. ಸಾಗರದ ನಾ. ಡಿಸೋಜರ ಕಾದಂಬರಿಯಿಂದ ಗಿರೀಶ ಕಾಸರವಳ್ಳಿ 2002ರಲ್ಲಿ ತೆಗೆದ ‘ದ್ವೀಪ’. ಅಣೆಕಟ್ಟೆಯ ನೀರು ಏರುತ್ತದೆ, ಊರಿನವರು ಪರಿಹಾರ ತೆಗೆದುಕೊಂಡು ಹೋಗುತ್ತಾರೆ, ಒಂದು ಮನೆ ಮಾತ್ರ ಉಳಿಯುತ್ತದೆ. ಮನೆ ಉಳಿಸಿದವಳು ನಾಗಿ. ಅವಳ ಗಂಡ ಗಣಪ ಅದೆಲ್ಲ ದೇವರ ಕೃಪೆ ಎಂದುಬಿಡುತ್ತಾನೆ. ಫಲ ಮನೆಗೆ ಬಂತು, ದುಡಿದವಳ ಕೈಗೆ ಬರಲಿಲ್ಲ. ಕಥೆಯ ಒಡೆತನ ಫಲದ ಹಕ್ಕುದಾರನದು ಎನ್ನುತ್ತದೆ ಶಾಸ್ತ್ರ. ಆ ಅಳತೆಗೋಲು ಕೈಯಲ್ಲಿದ್ದರೆ ನಾಗಿಗಾದ ಅನ್ಯಾಯ ಎಷ್ಟೆಂದು ಬರೆಯುವಾಗಲೇ ಗೊತ್ತಾಗುತ್ತದೆ.

ವಿರೋಧ

ಮೇಷ್ಟ್ರೇ, ‘ದ್ವೀಪ’ಕ್ಕೆ ನೀವು ಹಾಕಿದ ಬೋರ್ಡು ಸಿನಿಮಾ ಮುಗಿದ ಮೇಲೆ ಹಾಕಿದ್ದು. ಐದು ಸಂಧಿ ಯಾವ ಕಥೆಗೆ ಹೊಂದುವುದಿಲ್ಲ ಹೇಳಿ? ನಮ್ಮಜ್ಜಿಯ ನಾಯಿ ಕಳೆದುಹೋದ ಕಥೆಗೂ ಹೊಂದುತ್ತದೆ. ಕೆಸಲೂರಿನಲ್ಲಿ ಹುಟ್ಟಿದ ಕಾಸರವಳ್ಳಿ ಸಿನಿಮಾ ಕಲಿತದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರು ಗುರುವಿನಂತೆ ನೆನೆಯುವುದು ಜಪಾನಿನ ಓಜುವನ್ನು. ‘ದ್ವೀಪ’ದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಳೆ. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಆ ಮಳೆಯನ್ನು ಹಿಡಿದ ರೀತಿ, ಏರುವ ನೀರಿನ ಬೂದು ಬಣ್ಣ. ಅದು ಮುಖವೋ ಪ್ರತಿಮುಖವೋ? ನಾಟ್ಯಶಾಸ್ತ್ರಕ್ಕೆ ನಟನ ಮೈಯೇ ಲೋಕ. ಕಣ್ಣು, ಹುಬ್ಬು, ಕೊರಳು ಒಂದೊಂದಕ್ಕೂ ಅಲ್ಲಿ ಲೆಕ್ಕವಿದೆ. ಯಾರೂ ಇಲ್ಲದ ಫ್ರೇಮಿನ ಬಗ್ಗೆ ಅದರಲ್ಲಿ ಏನಿದೆ?

ಎರಡನೆಯದು ಮಾತಿನ ವಿಷಯ. ಪಾತ್ರಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿ, ರಾಜ ಸಂಸ್ಕೃತದಲ್ಲಿ, ಹೆಂಗಸರು ಮತ್ತು ಆಳುಕಾಳುಗಳು ಪ್ರಾಕೃತದಲ್ಲಿ ಮಾತಾಡಬೇಕೆಂದ ಶಾಸ್ತ್ರವಿದು. ‘ಮೃಚ್ಛಕಟಿಕ’ದಲ್ಲಿ ಜೂಜುಕೋರನಿಗೆ ಜಾಗ ಸಿಕ್ಕಿತು, ಸರಿ. ಆದರೆ ದಶಕಗಳ ಕಾಲ ನಮ್ಮ ಚಿತ್ರಗಳಲ್ಲಿ ನಾಯಕ ಗ್ರಾಂಥಿಕ ಕನ್ನಡ ಮಾತಾಡಿದ, ಹಳ್ಳಿ ಮಾತು ನಗೆಪಾತ್ರಕ್ಕೆ ಮೀಸಲಾಯಿತು. ಅದು ಎಲ್ಲಿಂದ ಬಂದ ರೂಢಿ ಎಂದು ನಿಮಗೇ ಗೊತ್ತು. ಕಂಪನಿ ನಾಟಕದ ಮೂಲಕ ಬಂತು ಎನ್ನುತ್ತೀರಿ. ಕಂಪನಿಗೆ ಎಲ್ಲಿಂದ ಬಂತು?

ಇನ್ನು ಫಲದ ಮಾತು. ನಮ್ಮ ನೆಲದ ದೊಡ್ಡ ಚಿತ್ರಗಳಲ್ಲಿ ಫಲದ ಲೆಕ್ಕ ಎಲ್ಲಿದೆ? ಅನಂತಮೂರ್ತಿಯವರ ಕಥೆಯ ‘ಘಟಶ್ರಾದ್ಧ’ 1977ರ ಸ್ವರ್ಣಕಮಲ ಪಡೆಯಿತು. 2024ರಲ್ಲಿ ಹೊಸದಾಗಿ ಸಂಸ್ಕರಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅದರ ಕಣ್ಣು ನಾಣಿ ಎಂಬ ಹುಡುಗ. ಅವನದು ನಾಯಕನ ಯತ್ನವಲ್ಲ. ಅವನು ನೋಡುತ್ತಾನೆ, ಹೆದರುತ್ತಾನೆ, ಅರ್ಧ ಅರ್ಥ ಮಾಡಿಕೊಳ್ಳುತ್ತಾನೆ. ತೇಜಸ್ವಿಯವರ ‘ತಬರನ ಕಥೆ’ 1986ರಲ್ಲಿ ಚಿತ್ರವಾಯಿತು, ಚಾರುಹಾಸನ್ ತಬರನಾದರು. ತಬರ ಪಿಂಚಣಿಗೆ ಅಲೆಯುತ್ತಾನೆ. ಇಂದು ಬಾ, ನಾಳೆ ಬಾ. ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತದೆ. ಹಣ ಬರುವ ಹೊತ್ತಿಗೆ ಅವಳಿಲ್ಲ. ಅಲ್ಲಿ ಕಥೆಯನ್ನು ನಡೆಸುವುದು ನಾಯಕನ ಯತ್ನವಲ್ಲ, ಕಚೇರಿಯ ಫೈಲು.

ಭದ್ರಾವತಿಗೆ ಬನ್ನಿ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಸರಿಯಾಗಿ ನೂರು ವರ್ಷ. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಮಂತ್ರಿಯೊಬ್ಬರು ಬಂದು ಉಳಿಸುತ್ತೇವೆ ಎನ್ನುತ್ತಾರೆ, ಪೇಪರಿನಲ್ಲಿ ಬರುತ್ತದೆ, ಮತ್ತೆ ಸುದ್ದಿಯಿಲ್ಲ. ಇದನ್ನು ಚಿತ್ರಕಥೆ ಮಾಡಿ ನೋಡೋಣ. ಯಾರು ನಾಯಕ? ಕಾರ್ಖಾನೆ ಕಟ್ಟಿಸಿದ ವಿಶ್ವೇಶ್ವರಯ್ಯನವರೆ? ಇಲ್ಲಿ ಪ್ರಾಪ್ತ್ಯಾಶೆ, ಅಂದರೆ ಫಲ ಸಿಕ್ಕೀತೆಂಬ ಆಸೆ ಒಂದೇ ಮತ್ತೆ ಮತ್ತೆ ಬರುತ್ತದೆ, ಸಿಕ್ಕೇ ಸಿಗುತ್ತದೆ ಎಂಬ ನಿಯತಾಪ್ತಿ ಬರುವುದೇ ಇಲ್ಲ. ಹುಡುಗರ ಕೈಗೆ ಐದು ಸಂಧಿ ಕೊಟ್ಟರೆ ಏನು ಮಾಡುತ್ತಾರೆಂದು ಹೇಳಲೆ? ಒಬ್ಬ ಹೀರೋ ಕಾರ್ಮಿಕನನ್ನು ಹುಟ್ಟಿಸಿ, ಕೊನೆಗೆ ಕಾರ್ಖಾನೆಯ ಸೈರನ್ ಕೂಗಿಸುತ್ತಾರೆ. ಅದು ಭದ್ರಾವತಿಗೆ ಮಾಡುವ ಮೋಸ.

ಪರಂಪರೆ ಬೇಕೇ ಬೇಕೆಂದರೆ ಮಲೆನಾಡಿನವರಿಗೆ ಭರತನಿಗಿಂತ ಯಕ್ಷಗಾನದ ಭಾಗವತರು ಹತ್ತಿರ. ವಧೆಯನ್ನು ರಂಗದ ಮೇಲೆ ತೋರಿಸಬೇಡ ಎಂದಿತು ಶಾಸ್ತ್ರ. ಯಕ್ಷಗಾನದಲ್ಲಿ ಕೀಚಕನ ವಧೆ ನಡೆಯುವ ಹೊತ್ತಿಗೆ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಾರೆ.

ಇಬ್ಬರ ಬರಹವನ್ನೂ ಓದಿದ ಮೇಲೆ ನನ್ನ ಒಲವು ಅರ್ಧ ಮೇಷ್ಟ್ರ ಕಡೆ: ಎರಡೂವರೆ ಗಂಟೆಯ ಚಿತ್ರದ ಇಂಟರ್ವಲ್ಲಿಗೆ ಅವರ ಗರ್ಭಸಂಧಿಗಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ. ‘ಮೃಚ್ಛಕಟಿಕ’ದ ಕಳ್ಳನನ್ನು ಮುಂದೆ ತಂದು ಭಾಷೆಯ ಮಾತನ್ನು ಮಾತ್ರ ಅವರು ದಾಟಿಬಿಟ್ಟರು. ಭದ್ರಾವತಿಯವರ ಕಾರ್ಖಾನೆಯ ಪ್ರಶ್ನೆಗೂ ಉತ್ತರ ಬರಲಿಲ್ಲ. ಮೇಷ್ಟ್ರು ಫೋನಿನಲ್ಲಿ ಹೇಳಿದ್ದಿಷ್ಟು: ‘ಪ್ರಾಪ್ತ್ಯಾಶೆ, ನಿಯತಾಪ್ತಿ ಎನ್ನದೆ ತಮ್ಮ ಊರಿನ ಸಂಕಟ ಹೇಳಲು ಅವರಿಗೇ ಆಗಲಿಲ್ಲವಲ್ಲ!’

ಇದನ್ನು ಭದ್ರಾವತಿಯವರಿಗೆ ದಾಟಿಸಿದಾಗ ಅವರು ನಕ್ಕರು. ‘ಮೇಷ್ಟ್ರಿಗೆ ಹೇಳಿ, ಅವರ ವಿಷ್ಕಂಭಕ ನನಗಿರಲಿ. ಕಾರ್ಖಾನೆ ಮುಚ್ಚುವ ತೀರ್ಮಾನವನ್ನು ದೆಹಲಿಯ ಮೀಟಿಂಗಿನಲ್ಲಿ ತೋರಿಸುವುದಿಲ್ಲ. ಇಬ್ಬರು ಹೆಂಗಸರು ರೇಷನ್ ಅಂಗಡಿಯ ಕ್ಯೂನಲ್ಲಿ ಮಾತಾಡುತ್ತಿರುವಾಗ ಪಕ್ಕದ ಹೋಟೆಲಿನ ಟಿವಿಯಲ್ಲಿ ಕೇಳಿಸುತ್ತೇನೆ. ನಾಯಕನನ್ನು ಅವರೇ ಇಟ್ಟುಕೊಳ್ಳಲಿ.’