ಫ್ಯಾನ್ ಆರಿಸಿ, ಗೇನ್ ಇಳಿಸಿ

ತುಂಬಾ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಹೋದ ವಾರ ಗೆಳೆಯನೊಬ್ಬ ಮನೇಲೇ ರೆಕಾರ್ಡ್ ಮಾಡಿದ ಗಿಟಾರ್ ಕಳಿಸಿ "ಹೇಗಿದೆ ಕೇಳು" ಅಂದ. ನುಡಿಸಿದ್ದು ಚೆನ್ನಾಗಿತ್ತು. ಆದರೆ ಆಮೇಲೆ ನಾಯ್ಸ್ ರಿಡಕ್ಷನ್ ಹಾಕಿ ಹಾಕಿ ತಂತಿಯ ನಾದವನ್ನೇ ತೆಗೆದುಬಿಟ್ಟಿದ್ದ. ಬಾವಿಯೊಳಗೆ ಕೂತು ನುಡಿಸಿದ ಹಾಗಿತ್ತು... ಅವನಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೀತಿದ್ದೀನಿ.

ನಮ್ಮ ರವೀಂದ್ರನಗರದ ಮನೆಯಲ್ಲಿ ಸದ್ದಿಗೇನೂ ಬರವಿಲ್ಲ. ಬೆಳಿಗ್ಗೆ ದೇವಸ್ಥಾನದ ಗಂಟೆ, ಆಮೇಲೆ ಪಕ್ಕದ ಮನೆಯ ಕುಕ್ಕರ್, ಸಂಪಿನ ಮೋಟರ್. ಮಳೆಗಾಲದಲ್ಲಂತೂ ಶೀಟಿನ ಮೇಲೆ ಮಳೆ ಬಿತ್ತೆಂದರೆ ಗಿಟಾರನ್ನು ಚೀಲಕ್ಕೆ ಹಾಕೋದೇ ಸರಿ. ಆದರೆ ಇವೆಲ್ಲ ಬಂದು ಹೋಗುವ ಸದ್ದುಗಳು, ಕಾದರೆ ನಿಲ್ಲುತ್ತವೆ. ನಿಜವಾಗಿ ಕಾಡೋದು ನಮಗೆ ಕೇಳಿಸದಷ್ಟು ಅಭ್ಯಾಸವಾದ ಸದ್ದು: ಸೀಲಿಂಗ್ ಫ್ಯಾನು, ಫ್ರಿಜ್ಜು, ಲ್ಯಾಪ್‌ಟಾಪಿನ ಒಳಗಿನ ಫ್ಯಾನು, ಚಾರ್ಜರಿನ ಗುಂಯ್.

ಈ ಗುಂಯ್ ಇದೆಯಲ್ಲ, ಅದು ಬಹಳ ಕೆಟ್ಟದ್ದು. ನಮ್ಮ ಕರೆಂಟು 50 ಹರ್ಟ್ಸ್. ಅದರ ಜೊತೆಗೆ 100, 150, 200ರಲ್ಲೂ ಸದ್ದು ಬರುತ್ತೆ. ಗಿಟಾರಿನ ಎ ತಂತಿ 110, ಡಿ ತಂತಿ ಸುಮಾರು 147, ಜಿ ತಂತಿ 196. ಪಕ್ಕಪಕ್ಕದಲ್ಲೇ ಮನೆ ಮಾಡಿಕೊಂಡಿವೆ! ದಪ್ಪ ಇ ತಂತಿಯೇ 82ರಲ್ಲಿರೋದರಿಂದ 60ರ ಕೆಳಗಿನದನ್ನು ಧೈರ್ಯವಾಗಿ ಕತ್ತರಿಸಬಹುದು. ಮೇಲಿನ ಗುಂಯ್ ತೆಗೆಯಹೋದರೆ ತಂತಿಗೂ ಪೆಟ್ಟು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ, ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಹೋಗುತ್ತೆ. ಕಾಸು ಖರ್ಚಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಗಿಟಾರ್ ಸಣ್ಣಗೆ ಕೇಳುತ್ತೆ ಅಂತ ಗೇನ್ ತಿರುಗಿಸುತ್ತೇವೆ. ಗೇನ್ ಏರಿಸಿದರೆ ಫ್ಯಾನಿನ ಸದ್ದೂ ಅಷ್ಟೇ ಏರುತ್ತೆ, ಲಾಭ ಏನು? ಅದರ ಬದಲು ಎರಡು ಅಡಿ ದೂರದ ಮೈಕನ್ನು ಒಂದು ಅಡಿಗೆ ತನ್ನಿ. ಗಿಟಾರ್ ಹೆಚ್ಚುಕಡಿಮೆ 6 ಡೆಸಿಬೆಲ್ ಜಾಸ್ತಿಯಾಗುತ್ತೆ, ಕೋಣೆಯ ಸದ್ದು ಇದ್ದಷ್ಟೇ ಇರುತ್ತೆ. ಹಾಗಂತ ನಡುವಿನ ತೂತಿಗೇ ಮೈಕ್ ಇಟ್ಟರೆ ಬರೀ ಗುಮ್ ಗುಮ್. ಹನ್ನೆರಡನೇ ಫ್ರೆಟ್ಟಿನ ಕಡೆ ತಿರುಗಿಸಿ.

ಈಗ ಲೆವೆಲ್ಲಿನ ವಿಷಯ. ಇದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ.

ನಮ್ಮ ಸೋದರತ್ತೆ ಭಾವಗೀತೆ ಹಾಡ್ತಿದ್ದರು. ಭದ್ರಾವತಿ ಆಕಾಶವಾಣಿ ಕೇಳಿ ಕೇಳಿಯೇ ಕಲಿತದ್ದು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ ತೀರಿಕೊಂಡಾಗ ಇಡೀ ದಿನ ಅವರ ಹಾಡುಗಳನ್ನೇ ಗುನುಗಿದ್ದರು. ಮುಂದಿನ ಬೇಸಿಗೆಯಲ್ಲಿ ಅವರನ್ನು ಕೂರಿಸಿ, ನಾನು ಗಿಟಾರ್ ಹಿಡಿದು, ಎರಡು ಹಾಡು ರೆಕಾರ್ಡ್ ಮಾಡಿದೆ. ಮೊದಲು "ಸ್ವಲ್ಪ ಹಾಡಿ ಅತ್ತೆ" ಅಂದು ಅವರು ಮೆಲ್ಲಗೆ ಗುನುಗಿದ್ದಕ್ಕೆ ಲೆವೆಲ್ ಹೊಂದಿಸಿಬಿಟ್ಟೆ. ಚರಣಕ್ಕೆ ಬಂದಾಗ ದನಿ ಏರಿತು, ನಾನೂ ಹುರುಪಿನಲ್ಲಿ ಜೋರಾಗಿ ಮೀಟಿದೆ. ಮೀಟರು ಸೊನ್ನೆ ಮುಟ್ಟಿ ಕೆಂಪಾಯ್ತು. ಎತ್ತರದ ಸ್ವರಗಳೆಲ್ಲ ಕರಕರ.

"ಅತ್ತೆ, ಇನ್ನೊಂದ್ಸಲ..."

"ಅದನ್ನ ನಾಳೆ ಹಾಡ್ತೀನಿ ಕಣೋ ಪುಟ್ಟ. ಸೆಖೆ, ಫ್ಯಾನ್ ಹಾಕು. ಬೇರೆ ಯಾವುದಾದ್ರೂ ಸಣ್ಣದು ಹಾಡ್ತೀನಿ."

ಹೆದರಿ ಗೇನನ್ನು ಪೂರ್ತಿ ಇಳಿಸಿ, ಫ್ಯಾನ್ ಹಾಕಿಯೇ ಎರಡನೇ ಹಾಡು ಹಿಡಿದೆ. ನಾಳೆ ಅವರು ಊರಿಗೆ ಹೊರಟರು. ಆ ಮಳೆಗಾಲದಲ್ಲಿ ಪಾರ್ಶ್ವವಾಯು ಆಯ್ತು. ಈಗ ಮಾತೇ ಕಷ್ಟ.

ಮೊದಲ ಹಾಡನ್ನು ಸರಿಮಾಡಲು ಏನೆಲ್ಲ ಪ್ರಯತ್ನಪಟ್ಟೆ. ಸೊನ್ನೆಯಲ್ಲಿ ಕತ್ತರಿಸಿಹೋದ ಅಲೆಯ ತುದಿಯನ್ನು ಸಾಫ್ಟ್‌ವೇರ್ ಊಹಿಸಿ ಬರೆಯಬಹುದು ಅಷ್ಟೇ, ಅದು ಅತ್ತೆಯ ದನಿ ಆಗಲ್ಲ. ಎರಡನೆಯದು ತೀರಾ ಸಣ್ಣಗಿತ್ತು. ಏರಿಸಿದೆ, ಜೊತೆಗೆ ಫ್ಯಾನೂ ಬಂತು, ಹಾಡೂ ಬಂತು! 24 ಬಿಟ್ಟಿನಲ್ಲಿ ಅಷ್ಟು ಜಾಗ ಇರುತ್ತೆ. ಆಡಾಸಿಟಿಯಲ್ಲಿ ಫ್ಯಾನ್ ಸದ್ದು ತೆಗೆದೆ. ಅದು ನಿಗದಿಯಾದ ಮಟ್ಟಕ್ಕಿಂತ ಸಣ್ಣದನ್ನೆಲ್ಲ ತಗ್ಗಿಸುವ ಉಪಾಯ. ಫ್ಯಾನಿನ ಜೊತೆ ಗಿಟಾರಿನ ಕೊನೆಯ ನಾದ, ಸಾಲಿನ ನಡುವೆ ಅತ್ತೆ ಎಳೆದುಕೊಳ್ಳುವ ಉಸಿರು ಎರಡೂ ಹೋದವು. ತಕ್ಷಣ ಅನ್‌ಡೂ ಮಾಡಿದೆ.

ಅದಕ್ಕೇ ನನ್ನ ಹಟ ಇದು: ಹಾಡಿನ ಅತ್ಯಂತ ಜೋರಾದ ಭಾಗವನ್ನೇ ಮೊದಲು ಹಾಡಿಸಿ, ನುಡಿಸಿ. ಆಗಲೂ ಮೀಟರು ಮೈನಸ್ 12 ದಾಟಬಾರದು. ಜೋಷ್ ಬಂದಾಗ ಇನ್ನೂ ಏರುತ್ತೇವೆ, ಆ ಜಾಗ ಬೇಕು. ತೆರೆಯ ಮೇಲೆ ಅಲೆ ಚಿಕ್ಕದಾಗಿ ಕಂಡರೆ ಕಾಣಲಿ ಬಿಡಿ.

ಮೊನ್ನೆ ಅತ್ತೆಗೆ ಆ ಎರಡನೇ ಹಾಡು ಕೇಳಿಸಿದೆ. ಕಣ್ಣುಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಬೆರಳೆತ್ತಿ ಮೇಲಿನ ಫ್ಯಾನ್ ತೋರಿಸಿ ನಕ್ಕರು.